ಮಾತ್ರೆ ನುಂಗಿಸೋದೂ ಸೇನಾಧಿಕಾರಿಯ ಕೆಲಸವೇ

ಬೆಳಗ್ಗಿನಿಂದ ತಲೆಯಲ್ಲಿ ಬರ್ಮಾ ಯುದ್ಧದ್ದೇ ಯೋಚನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಜಪಾನಿನ ವಿರುದ್ಧ ಬರ್ಮಾದಲ್ಲಿ (ಈಗಿನ ಮ್ಯಾನ್ಮಾರ್) ಮಾಡಿದ ಯುದ್ಧ. 1943ರಲ್ಲಿ ಅಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಬೇಕಾದ ಸೈನಿಕ ಒಬ್ಬನಾದರೆ, ಕಾಯಿಲೆ ಬಿದ್ದವರು 120 ಮಂದಿ! ಮಲೇರಿಯಾ, ಆಮಶಂಕೆ, ಚರ್ಮದ ಹುಣ್ಣು, ಟೈಫಸ್. ಗುಂಡಿಗಿಂತ ಸೊಳ್ಳೆಯೇ ಜಾಸ್ತಿ ಜನರನ್ನು ಮಲಗಿಸಿತ್ತು.

ಅಲ್ಲಿ ಹೋರಾಡಿದ ಬ್ರಿಟಿಷರ 14ನೇ ಸೈನ್ಯದ ಹೊಣೆ ಹೊತ್ತಿದ್ದವರು ಜನರಲ್ ವಿಲಿಯಂ ಸ್ಲಿಮ್. ಆ ಸೈನ್ಯದಲ್ಲಿ ನಮ್ಮ ಭಾರತೀಯರೇ ಹೆಚ್ಚು. ಮೊದಲು ಜ್ವರ ಬಂದವನನ್ನು ನೂರಾರು ಮೈಲಿ ದೂರದ ಆಸ್ಪತ್ರೆಗೆ ಕಳಿಸುತ್ತಿದ್ದರು. ಅವನು ವಾಪಸ್ ಬರೋಕೆ ತಿಂಗಳುಗಟ್ಟಲೆ ಆಗುತ್ತಿತ್ತು. ಆಮೇಲೆ ಕಾಳಗದ ಜಾಗದಿಂದ ಕೆಲವೇ ಮೈಲಿ ಹಿಂದೆ ಮಲೇರಿಯಾ ಚಿಕಿತ್ಸಾ ಘಟಕಗಳನ್ನು ಮಾಡಿದರು. ಕೆಲವೇ ವಾರಗಳಲ್ಲಿ ಹುಡುಗ ಮತ್ತೆ ತನ್ನ ತುಕಡಿಯಲ್ಲಿ.

ನನಗೆ ತುಂಬ ಹಿಡಿಸಿದ್ದು ಮಲೇರಿಯಾ ತಡೆಯೋಕೆ ಕೊಡುತ್ತಿದ್ದ ಮೆಪಾಕ್ರಿನ್ ಮಾತ್ರೆಯ ವಿಷಯ. ಕಹಿ ಮಾತ್ರೆ. ದಿನಾ ತಿಂದರೆ ಮೈಯೆಲ್ಲ ಹಳದಿ. ಗಂಡಸುತನ ಹೋಗುತ್ತೆ ಅಂತ ಗಾಳಿಮಾತು ಬೇರೆ. ಯಾರು ತಿಂತಾರೆ ಹೇಳಿ? ಅದಕ್ಕೇ ಸ್ಲಿಮ್ ಮುನ್ಸೂಚನೆ ಇಲ್ಲದೆ ಇಡೀ ತುಕಡಿಯನ್ನೇ ಪರೀಕ್ಷೆ ಮಾಡಿಸಿದರು. ಶೇಕಡಾ 95ಕ್ಕಿಂತ ಕಡಿಮೆ ಜನ ತಿಂದಿದ್ದರೆ ಸೈನಿಕನಿಗಲ್ಲ, ಅವನ ಕಮಾಂಡರ್‌ಗೆ ಶಿಕ್ಷೆ, ಹುದ್ದೆಯಿಂದಲೇ ವಜಾ. ಮೂವರನ್ನು ತೆಗೆದರು, ಉಳಿದವರಿಗೆ ಅರ್ಥವಾಯಿತು. ಸಂಜೆಯಾದರೆ ಸೊಳ್ಳೆ ಕಚ್ಚದಂತೆ ಅಂಗಿಯ ತೋಳು ಇಳಿಸಿ, ಪೂರ್ತಿ ಪ್ಯಾಂಟ್ ಹಾಕಬೇಕೆಂಬ ನಿಯಮವೂ ಅಷ್ಟೇ ಕಟ್ಟುನಿಟ್ಟು.

ಇದು ಡಾಕ್ಟರ ಕೈಲಷ್ಟೇ ಆಗುವ ಕೆಲಸ ಅಲ್ಲ ಅಂತ ಅವರು ಸರಿಯಾಗಿ ಹಿಡಿದಿದ್ದರು, ಅಲ್ವಾ? 1945ರ ಹೊತ್ತಿಗೆ ದಿನಕ್ಕೆ ಕಾಯಿಲೆ ಬೀಳುವವರು ಸಾವಿರಕ್ಕೆ ಒಬ್ಬರಷ್ಟಕ್ಕೆ ಇಳಿದಿತ್ತು.

ನಿಮ್ಮ ಮನೆಯ ಹಿರಿಯರು ಯಾರಾದರೂ ಬರ್ಮಾಕ್ಕೆ ಹೋಗಿದ್ದರಾ? ಇದ್ದರೆ ಬರೆಯಿರಿ, ಓದೋಕೆ ಆಸೆ.