ಬೇಲಿ ಸುರಿಸಿದ ನಾಲ್ಕು ಇಂಚು ಮಳೆ

ಸಿಕ್ಕಿತು! ನಾನು ಜೋಡಿಸಿದ ಮಳೆಮಾಪಕ ಬೀಳದ ಮಳೆಯನ್ನೂ ಎಣಿಸುತ್ತಿದ್ದದ್ದು ಯಾಕೆ ಅಂತ ಕೊನೆಗೂ ಗೊತ್ತಾಯಿತು. ಹನ್ನೊಂದು ದಿನ, ಎರಡು ರೀಡ್ ಸ್ವಿಚ್, ಒಂದು ಪ್ಯಾಕೆಟ್ ಎಮ್-ಸೀಲ್, ಜೊತೆಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ನನಗಿದ್ದ ಅಷ್ಟಿಷ್ಟು ಮರ್ಯಾದೆ. ಇಷ್ಟೂ ಹೋದ ಮೇಲೆ ಸಿಕ್ಕಿತು.

ಬೋರ್ಡ್ ಜೋಡಿಸಿದ್ದು, ಲೋರಾ (ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಮುಟ್ಟುವ ರೇಡಿಯೊ) ಆಂಟೆನಾ ಕಟ್ಟಿದ್ದು, ಸೋಲಾರ್ ಪ್ಯಾನೆಲ್ ಮಳೆಗಾಲದಲ್ಲಿ ಬರೀ ಅಲಂಕಾರಕ್ಕೆ ಅಂತ ಗೊತ್ತಾಗಿದ್ದು, ಇದನ್ನೆಲ್ಲ ಮತ್ತೆ ಬರೆಯಲ್ಲ. ಇಂಥದ್ದನ್ನು ಮನೆಯಲ್ಲೇ ಜೋಡಿಸುವ ನೀವೂ ಅನುಭವಿಸಿದ್ದೀರಿ. ಒಂದು ಗೊಣಗಾಟ ಮಾತ್ರ ಇರಲಿ. ನಾನು ಆರ್ಡರ್ ಮಾಡಿದ್ದು 865 ಮೆಗಾಹರ್ಟ್ಸ್ ಮಾಡ್ಯೂಲ್, ಬಂದಿದ್ದು 433. ವಾಪಸ್ ಕಳಿಸೋಣ ಅಂದರೆ ಪಾರ್ಸೆಲ್ ವಿರಾಜಪೇಟೆಗೆ ಬಂದು ಮುಟ್ಟುವ ಹೊತ್ತಿಗೆ ವಾಪಸಾತಿಯ ಗಡುವೇ ಮುಗಿದಿತ್ತು. ಡಬ್ಬಿಯ ಮೇಲೆ ಚಂದವಾಗಿ 865 ಅಂತ ಪೆನ್ನಿನಲ್ಲಿ ಬರೆದಿದ್ದರು.

ವ್ಯವಸ್ಥೆ ಸರಳ. ಗುಡ್ಡದ ಬುಡದಲ್ಲಿ, ತೋಟದ ಕೆಲಸಗಾರರ ಲೈನ್ ಮನೆಗಳಿಗಿಂತ ಮೇಲೆ, ಟಿಪ್ಪಿಂಗ್ ಬಕೆಟ್ ಮಳೆಮಾಪಕ. ಒಳಗಿನ ಪುಟ್ಟ ಬಕೆಟ್ ತುಂಬಿದಾಗ ಮಗುಚುತ್ತದೆ, ಆಗ ಅದರ ಆಯಸ್ಕಾಂತ ರೀಡ್ ಸ್ವಿಚ್ಚನ್ನು ಒಂದು ಕ್ಷಣ ಮುಚ್ಚುತ್ತದೆ. ಅದೇ ಒಂದು ಟಿಪ್, ಅಂದರೆ 0.2794 ಮಿಲಿಮೀಟರ್ ಮಳೆ. ಲೆಕ್ಕ ಕೇಬಲ್ಲಿನಲ್ಲಿ ಬೋರ್ಡಿಗೆ, ಅಲ್ಲಿಂದ ಲೋರಾದಲ್ಲಿ ಮನೆಗೆ, ಮನೆಯಿಂದ ಟೆಲಿಗ್ರಾಂ ಬಾಟ್‌ಗೆ ಬರುತ್ತದೆ. ಬಾಟ್ ಹೇಳುವುದು ಮೂವರಿಗೆ: ನನಗೆ, ಅಣ್ಣನ ಮಗಳಿಗೆ, ಪಕ್ಕದ ತೋಟದ ಮಾವನಿಗೆ. ಜಾಸ್ತಿ ಮಳೆ ಅನ್ನಿಸಿದರೆ ನಾವು ಊರಿನ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜ್ ಹಾಕಬೇಕು. ಬರೆದು ಹಾಕಿದರೆ ಓದುವವರು ಕಡಿಮೆ. ಕನ್ನಡ, ಕೊಡವ ತಕ್ಕ್, ಮಲಯಾಳಂ, ಈಗ ಅಸ್ಸಾಂನಿಂದ ಬಂದವರ ಭಾಷೆ, ಎಲ್ಲ ಒಂದೇ ಗುಂಪಿನಲ್ಲಿ. ದನಿ ಕೇಳಿದರೆ ಅರ್ಧ ವಿಷಯ ಹಾಗೇ ತಿಳಿಯುತ್ತದೆ.

ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕ ಇದೆ, ನಿಂದು ಯಾಕೆ ಅಂತ ಕೇಳುತ್ತೀರಿ. ನಮ್ಮಲ್ಲಿ ಗುಡ್ಡದ ಈ ಕಡೆ ಮೂರು ಇಂಚು ಬಿದ್ದ ದಿನ ಆ ಕಡೆ ಬಟ್ಟೆ ಒಣಗಿರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮರುವರ್ಷ ಆಗಸ್ಟ್‌ನಲ್ಲಿ ನಮ್ಮದೇ ತಾಲೂಕಿನ ತೋರ, 2020ರಲ್ಲಿ ತಲಕಾವೇರಿ, ಎಲ್ಲ ಕಡೆ ಗುಡ್ಡ ಕುಸಿಯಿತು. ಆಗಸ್ಟ್ ಬಂತೆಂದರೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲ್ಲ. ಅದಕ್ಕೇ ಈ ಕೆಲಸ.

ಈಗ ಆ ರಾತ್ರಿಗೆ ಬರೋಣ. ಆಗಸ್ಟ್ 3, ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದು ಸೊಪ್ಪು ತಿನ್ನುವ ದಿನ. ಮದ್ದು ಸೊಪ್ಪಿನ ಪಾಯಸ ಹೊಟ್ಟೆ ತುಂಬ ತಿಂದು ಮಲಗಿದ್ದೆ. ಎರಡು ಗಂಟೆಗೆ ಫೋನ್ ಕಿರುಚಿತು. ಒಂದು ಗಂಟೆಯಲ್ಲಿ 364 ಟಿಪ್. ಅಂದರೆ ನಾಲ್ಕು ಇಂಚು! ಕಿಟಕಿಯಾಚೆ ಕಿವಿಗೊಟ್ಟೆ. ಶೀಟಿನ ಮೇಲೆ ಟಪಟಪ ಅನ್ನುತ್ತಿತ್ತು. ಮರದಿಂದ ಉದುರುವ ನೀರೂ ಹಾಗೇ ಸದ್ದು ಮಾಡುತ್ತದೆ ಅನ್ನೋದು ಆಗ ಹೊಳೆಯಲಿಲ್ಲ. ಗುಂಪಿಗೆ ವಾಯ್ಸ್ ಮೆಸೇಜ್ ಹಾಕಿದೆ: "ಅಪಾಯ ಉಂಟು, ಕೂಡಲೇ ಹೊರಡಿ, ಮಕ್ಕಳನ್ನು ಕರ್ಕೊಂಡು ಗೋಡೌನ್‌ಗೆ ಹೋಗಿ." ಆಮೇಲೆ ಟಾರ್ಚ್ ಹಿಡಿದು ನಾನೇ ಓಡಿದೆ.

ಹನ್ನೊಂದು ಮನೆಯವರು ಕಾಫಿ ಗೋಡೌನ್ ಎದುರು ನಿಂತಿದ್ದರು. ಒಬ್ಬಳ ಸೊಂಟದಲ್ಲಿ ಮಗು, ತಲೆ ಮೇಲೆ ರಸಗೊಬ್ಬರದ ಚೀಲ. ಕೊಡೆ ಹಿಡಿದವರು ಇಬ್ಬರೇ, ಅದೂ ಅಭ್ಯಾಸಕ್ಕೆ. ಯಾಕೆಂದರೆ ಮಳೆಯೇ ಇರಲಿಲ್ಲ. ಹನಿ ಅಂದರೆ ಹನಿ. ಮಾವ ಆಕಾಶ ನೋಡಿದರು, ನನ್ನನ್ನು ನೋಡಿದರು. "ಎಂಥ ಮಾರಾಯ, ನಾಲ್ಕು ಇಂಚು ಎಲ್ಲಿ ಬಿತ್ತು? ನಿನ್ನ ಫೋನಿನ ಒಳಗಾ?"

ಬೆಳಿಗ್ಗೆ ಮಾವನ ತಂದೆ ತಮ್ಮ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿದರು. ಇಪ್ಪತ್ನಾಲ್ಕು ಗಂಟೆಗೆ 62 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು). ಒಂದು ಇಂಚೂ ಪೂರ್ತಿ ಇಲ್ಲ. ಅಜ್ಜ ದಿನಾ ಬೆಳಿಗ್ಗೆ ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಕಾಫಿ ತೋಟದವರಿಗೆ ಇದು ಹಲ್ಲುಜ್ಜಿದ ಹಾಗೆ. ನನ್ನ ಕಡೆ ನೋಡಲೂ ಇಲ್ಲ, ಸುಮ್ನೆ ಬರೆದು ಪೆನ್ನಿನ ಮುಚ್ಚಳ ಹಾಕಿದರು. ಬೈದಿದ್ದರೆ ವಾಸಿ ಇತ್ತು.

ಹತ್ತು ಗಂಟೆಯೊಳಗೆ ನನ್ನ ಮುಖಕ್ಕೆ ಬಕೆಟ್ ಅಂಟಿಸಿ ಸ್ಟಿಕರ್ ಮಾಡಿದ್ದರು. ಕೆಳಗೆ "ಮಳೆ ಮಂತ್ರಿ." ಮಾಡಿದ್ದು ಯಾರು ಅಂತ ಗೊತ್ತು, ಅವಳು ನಮ್ಮ ಮನೆಯಲ್ಲೇ ಊಟ ಮಾಡುತ್ತಾಳೆ.

ಇನ್ನು ಹುಡುಕಾಟ. ಮೊದಲ ಅನುಮಾನ ರೀಡ್ ಸ್ವಿಚ್ ಮೇಲೆ. ಬದಲಾಯಿಸಿದೆ. ಎರಡು ದಿನ ಒಣ ರಾತ್ರಿ, ಒಂದೂ ಸುಳ್ಳು ಟಿಪ್ ಇಲ್ಲ. ಗೆದ್ದೆ ಅಂದುಕೊಂಡೆ. ಮೂರನೇ ರಾತ್ರಿ ಸಣ್ಣಗೆ ಮಳೆ ಬಂತು, ಮತ್ತೆ ಎರಡು ಇಂಚು "ಸುರಿಯಿತು." ಸರಿ, ನೀರು ಜಾಯಿಂಟಿಗೆ ಇಳಿಯುತ್ತಿದೆ ಅಂತ ಎಮ್-ಸೀಲ್ ಮೆತ್ತಿದೆ. ಹಾಗೇ ಆಯಿತು. ಬಕೆಟ್ ಒಳಗೆ ಕಪ್ಪೆ ಕೂತಿರಬಹುದು ಅಂತ ಒಬ್ಬ ಗೆಳೆಯ ಹೇಳಿದ. ನಗಬೇಡಿ, ನಿಜಕ್ಕೂ ಒಂದು ಇತ್ತು. ಅದನ್ನು ತೋಡಿಗೆ, ಅಂದರೆ ಹಳ್ಳಕ್ಕೆ, ಬಿಟ್ಟು ಬಂದೆ. ಪಾಪ, ಅದರ ತಪ್ಪಿರಲಿಲ್ಲ.

ಹಗಲಲ್ಲಿ ಎಷ್ಟು ಮಳೆ ಬಂದರೂ ಲೆಕ್ಕ ಸರಿ. ಒಣ ರಾತ್ರಿಯಲ್ಲೂ ಸರಿ. ಒದ್ದೆ ರಾತ್ರಿಯಲ್ಲಿ ಮಾತ್ರ ಭೂತ. ಇದಕ್ಕಿಂತ ಕೆಟ್ಟ ದೋಷ ಇರಲಾರದು. ಮಳೆ ಬಂದಾಗಲೇ ಸುಳ್ಳು ಹೇಳುವ ಮಳೆಮಾಪಕದ ಸುಳ್ಳನ್ನು ಹಿಡಿಯೋದು ಹೇಗೆ?

ಒಂದು ಸಂಜೆ ಸಿಟ್ಟು ಬಂದು ಮಾಪಕದ ಬಾಯಿಯ ಫನೆಲ್ ಮೇಲೆ ಸ್ಟೀಲ್ ತಟ್ಟೆ ಮುಚ್ಚಿದೆ. ಒಂದು ಹನಿ ಒಳಗೆ ಹೋಗುವ ಹಾಗಿಲ್ಲ. ರಾತ್ರಿ ಟಿಪ್ ಬಂತು. ಮರುದಿನ ಮಾಪಕವನ್ನೇ ಬಿಚ್ಚಿ ಜಗಲಿಯಲ್ಲಿಟ್ಟೆ, ಕೇಬಲ್ಲಿನ ತುದಿಯಲ್ಲಿ ಏನೂ ಇಲ್ಲ. ಆಗಲೂ ಟಿಪ್ ಬಂತು! ಬಕೆಟ್ ಇಲ್ಲದೆ ಬಕೆಟ್ ಮಗುಚುತ್ತಿದೆ. ಆಗ ಬುದ್ಧಿ ಬಂತು. ತೊಂದರೆ ಮಾಪಕದಲ್ಲಿ ಅಲ್ಲ, ಹದಿನಾಲ್ಕು ಮೀಟರ್ ಕೇಬಲ್ಲಿನಲ್ಲಿ.

ಎಸ್‌ಡಿ ಕಾರ್ಡ್ ತೆಗೆದು ಒಂದು ಟಿಪ್‌ಗೂ ಮುಂದಿನದಕ್ಕೂ ನಡುವಿನ ಹೊತ್ತು ಬರೆಯುತ್ತಾ ಹೋದೆ. 9.6 ಸೆಕೆಂಡ್. 7.2. 13.2. 4.8. 12. ಮಳೆ ಇಷ್ಟು ಶಿಸ್ತಾಗಿ ಬೀಳಲ್ಲ. ಅಣ್ಣನ ಮಗಳು ಹೆಗಲ ಮೇಲಿಂದ ಇಣುಕಿ, "ಚಿಕ್ಕಪ್ಪ, ಇದು ಹನ್ನೆರಡರ ಮಗ್ಗಿ ಅಲ್ವಾ?" ಅಂದಳು.

ಹೌದು. ಎಲ್ಲವೂ 1.2ರ ಗುಣಕಗಳು. 1.2 ಸೆಕೆಂಡಿಗೊಮ್ಮೆ ಏನೋ ಬಡಿಯುತ್ತಿದೆ, ಎಂಟಕ್ಕೆ ಒಂದು ಬಡಿತ ನನ್ನ ಕೇಬಲ್ಲಿಗೆ ಹತ್ತುತ್ತಿದೆ. ರಾತ್ರಿ ಮಾತ್ರ ಬಡಿಯುವುದು, ಒದ್ದೆಯಾದಾಗ ಜೋರಾಗುವುದು... ಕೊಡಗಿನವರು ಈಗಾಗಲೇ ಹೇಳಿಬಿಟ್ಟಿರುತ್ತೀರಿ. ಆನೆ ತಡೆಯಲು ಮಾವ ಹಾಕಿದ ಸೋಲಾರ್ ಬೇಲಿ! ಸಂಜೆ ಆರಕ್ಕೆ ಆನ್, ಬೆಳಿಗ್ಗೆ ಆಫ್. ಸಾವಿರಗಟ್ಟಲೆ ವೋಲ್ಟಿನ ಚಿಟಿಕೆ ಹೊಡೆತ. ಮಳೆ ಬಂದರೆ ತಂತಿಗೆ ತಾಗಿದ ಒದ್ದೆ ಬಳ್ಳಿಯಿಂದ ಕರೆಂಟು ನೆಲಕ್ಕೆ ಸೋರುತ್ತದೆ, ಕಿಡಿ ಹಾರುತ್ತದೆ.

ಮಳೆಮಾಪಕದ ಕೇಬಲ್ ಎಲ್ಲಿತ್ತು? ಹುಲ್ಲು ಕತ್ತರಿಸುವ ಮೆಷಿನ್‌ಗೆ ಸಿಗದಿರಲಿ ಅಂತ ಅದೇ ಬೇಲಿಯ ಕಂಬಗಳಿಗೆ ನಾನೇ ಕೈಯಾರೆ ಟ್ಯಾಗ್ ಹಾಕಿ ಕಟ್ಟಿದ್ದೆ. ಅಷ್ಟೂ ಉದ್ದ, ಬೇಲಿ ತಂತಿಗೆ ಸಮಾನಾಂತರವಾಗಿ. ಬೇಕೆಂದೇ ಆಂಟೆನಾ ಮಾಡಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಖಾತ್ರಿಗೆ ಅಜ್ಜನ ಹಳೇ ರೇಡಿಯೊ ಬೇಡಿ ತಂದೆ. ಮೀಡಿಯಂ ವೇವ್‌ನಲ್ಲಿ ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಬೇಲಿ ಹತ್ತಿರ ಹೋದೆ. ಟಕ್... ಟಕ್... ಟಕ್. ಬಳ್ಳಿ ತಾಗಿದ ಜಾಗದಲ್ಲಿ ಸದ್ದು ಇನ್ನೂ ದಪ್ಪ. ಬೇಲಿಯಲ್ಲಿ ಸೋರಿಕೆ ಎಲ್ಲಿದೆ ಅಂತ ಹುಡುಕಲು ಇದಕ್ಕಿಂತ ಅಗ್ಗದ ಉಪಕರಣ ಇಲ್ಲ. ಈಗ ಮಾವನೂ ಅದನ್ನೇ ಹಿಡಿದು ಬೇಲಿ ಸುತ್ತುತ್ತಾರೆ, ಅಜ್ಜ ರೇಡಿಯೊ ವಾಪಸ್ ಕೇಳುತ್ತಿದ್ದಾರೆ.

ಪರಿಹಾರದಲ್ಲಿ ಮುಖ್ಯವಾದದ್ದು ಕೋಡ್. ಸ್ವಿಚ್ ಅದುರಿದಾಗ ಒಂದನ್ನೇ ಎರಡಾಗಿ ಎಣಿಸದಿರಲಿ ಅಂತ ನಾವೆಲ್ಲ ನಕಲು ಹೊಡೆಯುವ ಡಿಬೌನ್ಸ್ ಕೋಡ್ ಏನು ಮಾಡುತ್ತದೆ? ಮೊದಲ ಹೊಡೆತವನ್ನು ಎಣಿಸಿ, ಆಮೇಲಿನ 200 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳುತ್ತದೆ. ಬೇಲಿಯ ಹೊಡೆತವೇ ಮೊದಲ ಹೊಡೆತವಾದರೆ ಅದನ್ನೂ ನಂಬುತ್ತದೆ. ಬೇಕಾಗಿದ್ದು ಉಲ್ಟಾ: ಹೊಡೆತ ಬಂದ ಮೇಲೆ 5 ಮಿಲಿಸೆಕೆಂಡ್ ಕಾದು, ಸ್ವಿಚ್ ಇನ್ನೂ ಮುಚ್ಚಿದೆಯಾ ನೋಡಿ, ಆಮೇಲೆ ಎಣಿಸಬೇಕು. ನನ್ನ ಬಕೆಟ್ ಮಗುಚುವಾಗ ಸ್ವಿಚ್ 60-80 ಮಿಲಿಸೆಕೆಂಡ್ ಮುಚ್ಚಿರುತ್ತದೆ. ಬೇಲಿಯ ಹೊಡೆತ ಮಿಲಿಸೆಕೆಂಡಿನ ಒಂದು ಚೂರು. ಜೊತೆಗೆ ಬೋರ್ಡಿನ ಚಿಪ್ ಇಎಸ್‌ಪಿ32ರ ಒಳಗಿನ ಬಡಕಲು ಪುಲ್‌ಅಪ್ (ಸ್ವಿಚ್ ತೆರೆದಿರುವಾಗ ಪಿನ್ನಿನ ವೋಲ್ಟೇಜ್ ಅಲುಗದಂತೆ ಹಿಡಿಯುವ ರೆಸಿಸ್ಟರ್) ನಂಬದೆ ಹೊರಗೆ 4.7 ಕಿಲೋಓಮ್ ಹಾಕಿದೆ, ಪಿನ್‌ಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಕೇಬಲ್ ಬೇಲಿಯಿಂದ ಬಿಡಿಸಿ ಪೈಪಿನೊಳಗೆ ಹಾಕಿ ನೆಲದಲ್ಲಿ ಹೂತೆ. ಶೀಲ್ಡ್ (ಹೊರಗಿನ ಹೊಡೆತ ತಡೆಯುವ ಲೋಹದ ಹೊದಿಕೆ) ಇರುವ ಕೇಬಲ್ಲೂ ತರಿಸಿದ್ದೆ. ಸಿಪ್ಪೆ ಸುಲಿದು ನೋಡಿದರೆ ಒಳಗೆ ಶೀಲ್ಡೇ ಇಲ್ಲ! ಹೊರಗೆ ಮಾತ್ರ ದೊಡ್ಡಕ್ಷರದಲ್ಲಿ ಶೀಲ್ಡೆಡ್. ಈ ಮಾರಾಟಗಾರರಿಗೂ ಆ 433ರವರಿಗೂ ಏನೋ ನೆಂಟಸ್ತಿಕೆ ಇರಬೇಕು.

ಇಷ್ಟಕ್ಕೇ ಮುಗಿದಿದ್ದರೆ ನಾನು ಆರಾಮಾಗಿರುತ್ತಿದ್ದೆ. ಆದರೆ ಹುಡುಕಾಟದ ನಡುವೆ ಒಂದು ಮಧ್ಯಾಹ್ನ ನಿಜವಾಗಿಯೂ ಜೋರು ಮಳೆ ಬಂತು. ಹಗಲು, ಬೇಲಿ ಆಫ್, ಲೆಕ್ಕ ಸರಿಯಾದದ್ದೇ. ಗುಂಪಿಗೆ ಹೇಳಿದೆ. ಉತ್ತರವಾಗಿ ಬಂದಿದ್ದು ನಾಲ್ಕು ನಗುವ ಮುಖ, ಎರಡು "ಮಳೆ ಮಂತ್ರಿ" ಸ್ಟಿಕರ್. ಲೈನ್ ಮನೆಯಿಂದ ಯಾರೂ ಕದಲಲಿಲ್ಲ. ಅವತ್ತು ಏನೂ ಆಗಲಿಲ್ಲ, ಆದರೆ ನನಗೆ ಅನ್ನ ಇಳಿಯಲಿಲ್ಲ. ಕೇಬಲ್ ಬಿಚ್ಚಿ ಹೂಳಬಹುದು. ಹೋದ ನಂಬಿಕೆಗೆ ಎಷ್ಟು ಓಮ್ ರೆಸಿಸ್ಟರ್ ಹಾಕುವುದು?

ಕೊನೆಗೆ ಉಪಾಯ ಮಾಡಿದ್ದು ಸ್ಟಿಕರ್ ಮಾಡಿದವಳೇ. ನಲವತ್ತು ಸೆಕೆಂಡಿನ ಒಂದು ರೀಲ್. ತಟ್ಟೆ ಮುಚ್ಚಿದ ಮಾಪಕ, ಫೋನಿನಲ್ಲಿ ಏರುತ್ತಿರುವ ಟಿಪ್ ಲೆಕ್ಕ, ರೇಡಿಯೊದ ಟಕ್ ಟಕ್, ಕೊನೆಗೆ ಬೇಲಿಗೆ ಕಟ್ಟಿದ ಕೇಬಲ್ ಹಿಡಿದು ನಿಂತ ನಾನು. "ಮುಖ ಸಪ್ಪೆ ಮಾಡ್ಕೋ ಚಿಕ್ಕಪ್ಪ" ಅಂದಳು, ಕಷ್ಟಪಡಬೇಕಾಗಲಿಲ್ಲ. ಅಲ್ಲಿಯವರೆಗೆ ನಾನು ಹಾಕಿದ್ದ ಅಷ್ಟೂ ಗ್ರಾಫ್ ನೋಡಿದವರಿಗಿಂತ ಇದನ್ನು ನೋಡಿದವರು ಜಾಸ್ತಿ. ಲೈನ್ ಮನೆಯ ಹುಡುಗರು ಬೇಲಿ ಹತ್ತಿರ ಬಂದು ಕೇಬಲ್ ಎಲ್ಲಿತ್ತು ಅಂತ ತೋರಿಸಿಕೊಂಡು ಹೋದರು. ಯಾಕೆ ತಪ್ಪಾಯಿತು ಅಂತ ಅವರಿಗೀಗ ನನಗಿಂತ ಚೆನ್ನಾಗಿ ಗೊತ್ತು.

ಸಂದೇಶದ ಧಾಟಿಯನ್ನೂ ಬದಲಾಯಿಸಿದೆವು. ಜಕಾರ್ತದಲ್ಲಿ 2014ರಲ್ಲಿ ಪೇಟಾಜಕಾರ್ತ ಅಂತ ಒಂದು ಪ್ರಯೋಗ ಶುರುವಾಗಿತ್ತು. ಯಾರಾದರೂ ಟ್ವಿಟರ್‌ನಲ್ಲಿ "ಬಂಜಿರ್", ಅಂದರೆ ನೆರೆ, ಅಂತ ಬರೆದರೆ ಬಾಟ್ ಅವರನ್ನೇ ಕೇಳುತ್ತಿತ್ತು: ನೀವು ಇರುವಲ್ಲಿ ನೀರು ಬಂದಿದೆಯಾ, ತಿಳಿಸಿ. ಆ ವರದಿಗಳು ನಕ್ಷೆಗೆ ಹೋಗುತ್ತಿದ್ದವು. ನನಗೆ ಇಷ್ಟವಾಗಿದ್ದು ಆ ಕೇಳುವ ಬುದ್ಧಿ. ಹಾಗಾಗಿ ಈಗ ನಮ್ಮ ಮೊದಲ ಸಂದೇಶದಲ್ಲಿ "ಹೊರಡಿ" ಇಲ್ಲ. "ಒಂದು ಗಂಟೆಯಲ್ಲಿ ಎರಡು ಇಂಚು ಬಿದ್ದಿದೆ. ತೋಡಿನ ಹತ್ತಿರದವರು ಮನೆಯಿಂದಲೇ ನೋಡಿ ಹೇಳಿ. ನೀರು ಕೆಂಪಾಗಿದೆಯಾ? ಮಳೆ ನಿಲ್ಲದೆ ನೀರು ಮಾತ್ರ ಇದ್ದಕ್ಕಿದ್ದ ಹಾಗೆ ಕಡಿಮೆಯಾಗಿದೆಯಾ?" ಎರಡನೆಯದು ಇನ್ನೂ ಕೆಟ್ಟ ಲಕ್ಷಣ, ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿ ನಿಂತಿರಬಹುದು. ಒಬ್ಬರು ಹೌದು ಅಂದರೂ ಸಾಕು, ಆಗ "ಹೊರಡಿ." ಉತ್ತರ ಬರದಿದ್ದರೆ ಹತ್ತು ನಿಮಿಷಕ್ಕೆ ಮಾವ ಜೀಪಿನ ಹಾರ್ನ್ ಹೊಡೆಯುತ್ತಾರೆ. ಮಲಯಾಳಂ ದನಿ ಕೆಳಗಿನ ಅಂಗಡಿಯವರದ್ದು, ಅಸ್ಸಾಂ ಕಡೆಯದ್ದು ಅಲ್ಲಿನ ಒಬ್ಬ ಮೇಸ್ತ್ರಿಯದ್ದು. ಅವನು ಹೇಳಿದ್ದು ನನ್ನ ಸಂದೇಶದ ಎರಡು ಪಟ್ಟು ಉದ್ದ ಇದೆ. ಮಧ್ಯೆ ಏನೋ ಜೋಕ್ ಸೇರಿಸಿದ್ದಾನೆ, ಎಲ್ಲರೂ ನಗುತ್ತಾರೆ, ನನಗೆ ಮಾತ್ರ ಯಾರೂ ಹೇಳಲ್ಲ.

ನೋಡಿ ಹೇಳಿ ಅಂದಾಗಲೇ ಮುಂದಿನ ಯೋಜನೆ ತಲೆಗೆ ಹೊಕ್ಕಿತು (ಇದನ್ನು ಮುಗಿಸಿಯೇ ಅದು ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ, ದಯವಿಟ್ಟು ಹೇಳಬೇಡಿ). ಆಸ್ಟ್ರೇಲಿಯಾದಲ್ಲಿ ಕೋಸ್ಟ್‌ಸ್ನ್ಯಾಪ್ ಅಂತ 2017ರಲ್ಲಿ ಶುರು ಮಾಡಿದರು. ಕಡಲ ತೀರದಲ್ಲಿ ಫೋನ್ ಇಡಲು ಒಂದು ಸ್ಟ್ಯಾಂಡ್, ಅಷ್ಟೇ. ಬಂದವರೆಲ್ಲ ಅದೇ ಕೋನದಿಂದ ಫೋಟೊ ತೆಗೆದು ಕಳಿಸುತ್ತಾರೆ, ತೀರ ಎಷ್ಟು ಸವೆಯಿತು ಅಂತ ತಿಳಿಯುತ್ತದೆ. ನಮ್ಮ ತೋಡಿನ ಸೇತುವೆಗೂ ಒಂದು ಮಾಡಿದರೆ? ಎದುರಿನ ಬಂಡೆಗೆ ಇಂಚಿನ ಗುರುತು, ಇತ್ತ ಫೋನ್ ಸ್ಟ್ಯಾಂಡ್. ಶಾಲೆ ಮಕ್ಕಳು ದಿನಾ ಆ ದಾರಿಯಲ್ಲೇ ಹೋಗುತ್ತಾರೆ. ಸ್ಟ್ಯಾಂಡ್ ಕಬ್ಬಿಣದ್ದಾದರೆ ತುಕ್ಕು, ಪ್ಲಾಸ್ಟಿಕ್ ಆದರೆ ಕೋತಿ. ಗೊತ್ತಿದ್ದವರು ಹೇಳಿ.

ನಿನ್ನೆ ಕೊನೆಯ ಪರೀಕ್ಷೆ. ಬೇಲಿ ಆಫ್ ಇರುವಾಗಲೇ ಒದ್ದೆ ಬಳ್ಳಿಯನ್ನು ತಂತಿ ಮೇಲೆ ಎಳೆದು ಹಾಕಿ, ಸಂಜೆ ಆನ್ ಮಾಡಿಸಿದೆ. ರೇಡಿಯೊ ಟಕ್ ಟಕ್ ಅಂತ ಬಡಿದುಕೊಂಡಿತು. ಎರಡು ಗಂಟೆ ಫೋನ್ ನೋಡುತ್ತಾ ಕೂತೆ. ಟಿಪ್ ಸೊನ್ನೆ. ರಾತ್ರಿ ಮಳೆ ಹಿಡಿಯಿತು, ಬೆಳಿಗ್ಗೆ ಲೆಕ್ಕ 122 ಟಿಪ್, 1 ಇಂಚು 34 ಸೆಂಟ್. ಫೋನ್ ಹಿಡಿದುಕೊಂಡು ಅಜ್ಜನ ಅಂಗಳಕ್ಕೆ ಓಡಿದೆ. ಅವರು ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದರು.

"ಒಂದು ಮೂವತ್ತೆಂಟು" ಅಂದರು. ನನ್ನ ಫೋನ್ ನೋಡಿದರು. "ನಾಲ್ಕು ಸೆಂಟ್ ಯಾರು ಕುಡಿದದ್ದು?"

ಜೋರು ಮಳೆಯಲ್ಲಿ ಬಕೆಟ್ ಮಗುಚುವಷ್ಟರಲ್ಲಿ ಸ್ವಲ್ಪ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ, ಎಲ್ಲ ಟಿಪ್ಪಿಂಗ್ ಬಕೆಟ್‌ಗೂ ಈ ರೋಗ ಇದೆ ಅಂತ ವಿವರಿಸಿದೆ. ಅಜ್ಜ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನೋಟ್‌ಬುಕ್ಕಿನಲ್ಲಿ 1.38 ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 1.34 ಅಂತ ಬರೆದು, ಪೆನ್ನಿನ ಮುಚ್ಚಳ ಹಾಕಿದರು. ನಾಳೆ ಕ್ಯಾಲಿಬ್ರೇಷನ್ ಸ್ಕ್ರೂ ಕಾಲು ಸುತ್ತು ತಿರುಗಿಸಿ ನೋಡಬೇಕು.