ಹಾಗಾದರೆ ದೆವ್ವ ಕಂಡವರೆಲ್ಲ ಸುಳ್ಳು ಹೇಳುತ್ತಾರೆಯೇ?

ನಾನು ದೆವ್ವಭೂತಗಳನ್ನು ನಂಬುವವನಲ್ಲ ಎಂದು ತಿಳಿದ ಕೂಡಲೇ ಎದುರಿಗಿದ್ದವರು ಕೇಳುವ ಪ್ರಶ್ನೆ ಇದೇ. ಕೇಳುವ ಧಾಟಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ಅವರ ಅಜ್ಜಿಯೋ ಅಣ್ಣನೋ ಕಂಡದ್ದನ್ನು ನಾನು ಬುರುಡೆ ಎಂದಂತಾಯಿತಲ್ಲ! ನನ್ನ ಉತ್ತರ: ಇಲ್ಲ, ಬಹುಪಾಲು ಮಂದಿ ಸುಳ್ಳು ಹೇಳುವುದಿಲ್ಲ. ಕಂಡದ್ದು ನಿಜ, ಕೇಳಿಸಿದ್ದು ನಿಜ, ಬೆವರಿದ್ದಂತೂ ಖಂಡಿತ ನಿಜ. ಅದಕ್ಕೆ ಅವರು ಇಟ್ಟ ಹೆಸರಿನ ಬಗ್ಗೆ ಮಾತ್ರ ನನ್ನ ತಕರಾರು.

ಹಸಿ ಸುಳ್ಳು ಹೇಳುವವರೂ ಇದ್ದಾರೆನ್ನಿ. 2003ರಲ್ಲಿ ಅಮೆರಿಕದ ಒಬ್ಬಾತ ಹಳೆಯ ವೈನ್ ಪೆಟ್ಟಿಗೆಯೊಂದನ್ನು ಇಬೇ ತಾಣದಲ್ಲಿ ಮಾರಾಟಕ್ಕಿಟ್ಟು, ಯಹೂದಿ ಜಾನಪದದ ಡಿಬ್ಬುಕ್ ಎಂಬ ಪ್ರೇತ ಅದರೊಳಗಿದೆ ಎಂದು ಕಥೆ ಕಟ್ಟಿದ. ಪೆಟ್ಟಿಗೆ ಕೈಯಿಂದ ಕೈಗೆ ದಾಟಿತು. ಅದರ ಕಥೆಯನ್ನು ಆಧರಿಸಿ ಹಾಲಿವುಡ್ ಸಿನಿಮಾವೂ ಬಂತು. 2021ರಲ್ಲಿ ಆತ, ಅದೆಲ್ಲ ತಾನೇ ಹೆಣೆದದ್ದು ಎಂದು ಒಪ್ಪಿಕೊಂಡ. ನನಗೆ ಮಾರಿದವನಿಗಿಂತ ಕೊಂಡವರ ಬಗ್ಗೆಯೇ ಕುತೂಹಲ. ಅಂಥ ವಸ್ತು ಮನೆ ಹೊಕ್ಕ ಮೇಲೆ ಬರುವ ಪ್ರತಿ ಕೆಮ್ಮು, ಪ್ರತಿ ಕೆಟ್ಟ ಕನಸು ಅದರ ಲೆಕ್ಕಕ್ಕೇ ಜಮೆಯಾಗುತ್ತದೆ.

ಇನ್ನು ಕಂಡವರ ಮಾತು. ನನಗೇ ಒಮ್ಮೆ ಕಂಡಿದೆ. ಬೆಳಗಿನ ಜಾವ ಕಣ್ಣು ಬಿಟ್ಟೆ. ಕೋಣೆ ಇದ್ದಂತೆಯೇ ಇತ್ತು: ಅರ್ಧ ತೆರೆದ ಬೀರುವಿನ ಬಾಗಿಲು, ಕುರ್ಚಿಯ ಬೆನ್ನಿಗೆ ಹಾಕಿದ್ದ ಅಂಗಿ. ಆದರೆ ಕಿರುಬೆರಳು ಕೂಡ ಅಲ್ಲಾಡುತ್ತಿಲ್ಲ. ಎದೆಯ ಮೇಲೆ ಯಾರೋ ಕುಕ್ಕರಗಾಲಿನಲ್ಲಿ ಕೂತ ಭಾರ. ಮುಖ ಕಾಣಲಿಲ್ಲ, ಅದು ನನ್ನನ್ನೇ ನೋಡುತ್ತಿದೆ ಎಂಬುದರಲ್ಲಿ ಮಾತ್ರ ಸಂಶಯವೇ ಇರಲಿಲ್ಲ. ಕೂಗಲು ಹೋದರೆ ದನಿಯೇ ಹೊರಡಲೊಲ್ಲದು. ಕಾಲಿನ ಹೆಬ್ಬೆರಳು ಮಿಸುಕಿದ್ದೇ ತಡ, ಎಲ್ಲವೂ ಮಾಯ.

ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು. ಆ ಹೊತ್ತಿಗೆ ಆ ತಿಳಿವಳಿಕೆ ಮೂರು ಕಾಸಿಗೂ ಉಪಯೋಗಕ್ಕೆ ಬರಲಿಲ್ಲ. ಕನಸು ಬೀಳುವ ನಿದ್ದೆಯಲ್ಲಿ ಮಿದುಳು ಕೈಕಾಲುಗಳ ಸ್ನಾಯುಗಳನ್ನು ಸಡಿಲಿಸಿ ಇಟ್ಟಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದವರೆಲ್ಲ ಮಂಚದಿಂದ ಕೆಳಗೆ ಬೀಳುತ್ತಿದ್ದರು. ಆ ಕಟ್ಟು ಬಿಚ್ಚುವ ಮೊದಲೇ ಎಚ್ಚರವಾದರೆ ಕಣ್ಣ ಮುಂದೆ ಕೋಣೆಯೂ ಇರುತ್ತದೆ, ಕನಸೂ ಇರುತ್ತದೆ. ನೂರರಲ್ಲಿ ಏಳೆಂಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಹೀಗಾಗುತ್ತದೆ. ಜಪಾನಿನಲ್ಲಿ ಇದು ಕನಶಿಬಾರಿ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನವರಿಗೆ ಎದೆಯೇರಿ ಕೂರುವ ಮುದುಕಿ.

ಮನೆಗಳ ವಿಷಯ ಇನ್ನೂ ಗಂಭೀರ. 1921ರಲ್ಲಿ ಅಮೆರಿಕದ ನೇತ್ರವೈದ್ಯ ವಿಲಿಯಂ ವಿಲ್ಮರ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕುಟುಂಬದ ಸಂಗತಿ ಬರೆದರು. ಹಳೆಯ ದೊಡ್ಡ ಮನೆಗೆ ಬಂದ ಮೇಲೆ ಅವರಿಗೆ ತಲೆನೋವು, ಸುಸ್ತು. ರಾತ್ರಿ ಹೆಜ್ಜೆ ಸಪ್ಪಳ, ಕಾಣದವರ ಸುಳಿದಾಟ. ಮಕ್ಕಳು ಬಿಳಿಚಿಕೊಂಡರು, ಕುಂಡದ ಗಿಡಗಳೂ ಸತ್ತವು. ಕೊನೆಗೆ ಪರೀಕ್ಷಿಸಿದರೆ, ಮನೆಯನ್ನು ಬೆಚ್ಚಗಿಡುವ ಒಲೆ ಕೆಟ್ಟು ಹೊಗೆ ಚಿಮಣಿಗೆ ಹೋಗದೆ ಕೋಣೆಗಳಿಗೆ ನುಗ್ಗುತ್ತಿತ್ತು. ಕಾರ್ಬನ್ ಮಾನಾಕ್ಸೈಡ್! ಒಲೆ ರಿಪೇರಿಯಾಯಿತು, ದೆವ್ವ ಹೊರಟುಹೋಯಿತು. ಮಂತ್ರವಾದಿಗಾಗಿ ಕಾದು ಕೂತಿದ್ದರೆ ಹೆಣಗಳು ಹೊರಡುತ್ತಿದ್ದವು. ಅದಕ್ಕೇ, ಮನೆಯಲ್ಲಿ ಏನೋ ಇದೆ ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಬೆಳಿಗ್ಗೆ ತಲೆ ಭಾರವಿರುತ್ತದೆಯೇ, ಹೊರಗೆ ಹೋದರೆ ಇಳಿಯುತ್ತದೆಯೇ, ಗಾಳಿಯಾಡದ ಕಡೆ ಗ್ಯಾಸ್ ಗೀಸರ್ ಇದೆಯೇ ಎಂದು ಕೇಳುತ್ತೇನೆ.

ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರನ ಕಥೆ ನನಗೆ ಬಲು ಇಷ್ಟ. ಒಂದು ರಾತ್ರಿ ಪ್ರಯೋಗಾಲಯದಲ್ಲಿ ಒಬ್ಬನೇ ಕೂತಿದ್ದಾಗ ಕಾರಣವಿಲ್ಲದ ಭಯ. ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ. ತಿರುಗಿ ನೋಡಿದರೆ ಏನೂ ಇಲ್ಲ. ಮರುದಿನ ತನ್ನ ಫೆನ್ಸಿಂಗ್ ಆಟದ ಕತ್ತಿಯನ್ನು ಬೆಂಚ್ ವೈಸ್ ಎಂಬ ಇಕ್ಕಳಕ್ಕೆ ಕಚ್ಚಿಸಿದರೆ, ಯಾರೂ ಮುಟ್ಟದಿದ್ದರೂ ಅಲಗು ನಡುಗುತ್ತಿದೆ. ಬೇರೆಯವರಾದರೆ ಅಲ್ಲಿಂದ ಓಡುತ್ತಿದ್ದರು. ಈತ ಲೆಕ್ಕ ಹಾಕಿದ. ಹೊಸದಾಗಿ ಕೂರಿಸಿದ್ದ ಎಕ್ಸಾಸ್ಟ್ ಫ್ಯಾನ್, ಕಿವಿಗೆ ಕೇಳದ ಸುಮಾರು 19 ಹರ್ಟ್ಸ್ ಸದ್ದನ್ನು ಕೋಣೆಯಲ್ಲಿ ತುಂಬಿತ್ತು. ಅಲಗನ್ನು ನಡುಗಿಸಿದ್ದೂ ತನ್ನನ್ನು ಹೆದರಿಸಿದ್ದೂ ಆ ಸದ್ದೇ ಎಂದು 1998ರಲ್ಲಿ ಪ್ರಬಂಧ ಪ್ರಕಟಿಸಿದ. ಆದರೆ ಇದನ್ನೇ ಎಲ್ಲ ದೆವ್ವಗಳಿಗೂ ಅಂಟಿಸಲು ಬರುವುದಿಲ್ಲ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಕ್ರಿಸ್ ಫ್ರೆಂಚ್ ಮತ್ತು ಸಂಗಡಿಗರು ಅಂಥ ಸದ್ದು ತುಂಬಿಸುವ ಕೃತಕ ಭೂತದ ಕೋಣೆಯನ್ನೇ ಕಟ್ಟಿ ನೋಡಿದರು. ಅನೇಕರಿಗೆ ವಿಚಿತ್ರ ಅನುಭವಗಳಾದವು. ಸದ್ದು ಇದ್ದರೂ ಆದವು, ಇಲ್ಲದಿದ್ದರೂ ಆದವು. ಇಲ್ಲಿ ಏನಾದರೂ ಆಗಬಹುದು ಎಂದು ಮೊದಲೇ ಹೇಳಿದ್ದಷ್ಟೇ ಸಾಕಾಗಿತ್ತು.

ಮೈಮೇಲೆ ಬರುವುದು? ಇಲ್ಲಿ ನನಗೆ ತಮಾಷೆ ಬರುವುದಿಲ್ಲ. ಜರ್ಮನಿಯ ಆನೆಲೀಸ್ ಮಿಖೆಲ್‌ಳಿಗೆ ಅಪಸ್ಮಾರವಿತ್ತು. ವೈದ್ಯರು ಔಷಧಿ ಕೊಟ್ಟಿದ್ದರು. ಮನೆಯವರೂ ಆಕೆಯೂ ಇದು ಪಿಶಾಚಿಯ ಕಾಟವೆಂದು ನಂಬಿದರು. 1975ರ ಸೆಪ್ಟೆಂಬರಿನಿಂದ ಇಬ್ಬರು ಪಾದ್ರಿಗಳು 67 ಬಾರಿ ಉಚ್ಚಾಟನೆ ನಡೆಸಿದರು. 1976ರ ಜುಲೈ 1ರಂದು, 23ರ ವಯಸ್ಸಿನಲ್ಲಿ, ಅನ್ನನೀರಿಲ್ಲದೆ ಸತ್ತಾಗ ಅವಳ ತೂಕ ಸುಮಾರು 31 ಕಿಲೋ. 1978ರಲ್ಲಿ ನ್ಯಾಯಾಲಯ ತಂದೆತಾಯಿಯನ್ನೂ ಪಾದ್ರಿಗಳನ್ನೂ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರೆಂದು ತೀರ್ಮಾನಿಸಿತು. ಅವರಲ್ಲಿ ಯಾರೂ ದುಷ್ಟರಾಗಿರಲಿಲ್ಲ ಎಂಬುದೇ ನನ್ನನ್ನು ಕಾಡುತ್ತದೆ.

ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವ ಒಂದು ಕಾಯಿಲೆಯನ್ನು ಜೋಸೆಪ್ ದಾಲ್ಮೌ ಎಂಬ ವೈದ್ಯರ ತಂಡ 2007ರಲ್ಲಿ ಗುರುತಿಸಿತು. ನಿನ್ನೆಯವರೆಗೆ ಚೆನ್ನಾಗಿದ್ದ ಹುಡುಗಿ ಅಸಂಬದ್ಧವಾಗಿ ಮಾತನಾಡುತ್ತಾಳೆ, ಬಾಯಿ ಸೊಟ್ಟ ಮಾಡುತ್ತಾಳೆ, ಸೆಟೆದುಕೊಳ್ಳುತ್ತಾಳೆ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆನೆಲೀಸಳಿಗೆ ಇದೇ ಇತ್ತೆಂದು ನಾನು ಹೇಳುತ್ತಿಲ್ಲ.

ಹಾಗೆಂದು ಮೈಮೇಲೆ ಬರುವುದೆಲ್ಲ ಕಾಯಿಲೆಯೂ ಅಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ, ತಾನಾಗಿ ಬಯಸದೆ ಬಂದು, ತನ್ನ ಸಮಾಜದ ಆಚರಣೆಗೆ ಹೊರತಾಗಿದ್ದು, ಬದುಕನ್ನೇ ಕೆಡಿಸಿದಾಗ ಮಾತ್ರ ಅದನ್ನು ಕಾಯಿಲೆ ಎನ್ನುತ್ತದೆ. ಮಾನವಶಾಸ್ತ್ರಜ್ಞ ಐ. ಎಂ. ಲೂಯಿಸ್ ಗಮನಿಸಿದಂತೆ, ಅನೇಕ ಸಮಾಜಗಳಲ್ಲಿ ಇದು ಬಾಯಿಲ್ಲದವರ ಮೇಲೇ, ಅದರಲ್ಲೂ ಹೆಂಗಸರ ಮೇಲೆಯೇ, ಹೆಚ್ಚು ಬರುತ್ತದೆ. ತಾನು ಆಡಿದರೆ ಏಟು ಬೀಳುವ ಮಾತನ್ನು ಮೈಮೇಲೆ ಬಂದದ್ದು ಆಡಿದರೆ ಮನೆಯವರೆಲ್ಲ ಕೈಕಟ್ಟಿ ನಿಂತು ಕೇಳುತ್ತಾರೆ. ಅವಳು ನಟಿಸುತ್ತಿದ್ದಾಳೆ ಎಂದಲ್ಲ. ಅವಳಿಗೂ ಅದು ತನ್ನ ಮಾತೆಂದು ಗೊತ್ತಿರುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: ನಿಮಗೆ ಭಯವೇ ಇಲ್ಲವೇ? ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಬ್ರೂಸ್ ಹುಡ್ ಭಾಷಣದ ನಡುವೆ ಒಂದು ಉಣ್ಣೆಯ ಕಾರ್ಡಿಗನ್ ಎತ್ತಿ ಹಿಡಿದು, ಯಾರು ತೊಡುತ್ತೀರಿ ಎಂದು ಕೇಳುತ್ತಿದ್ದರು. ಬೇಕಾದಷ್ಟು ಕೈಗಳು ಮೇಲೇಳುತ್ತಿದ್ದವು. ಇದು ಸರಣಿ ಕೊಲೆಗಾರನೊಬ್ಬನದ್ದು ಎಂದ ಕೂಡಲೇ ಹೆಚ್ಚಿನವು ಕೆಳಗಿಳಿಯುತ್ತಿದ್ದವು. ಒಗೆದು, ಇಸ್ತ್ರಿ ಮಾಡಿ ಕೊಟ್ಟರೂ ನಾನದನ್ನು ತೊಡಲಾರೆ. ಏಕೆಂದು ಯಾರಾದರೂ ಕೇಳಿದರೆ, ಅಂಥ ಚಳಿಯೇನಿಲ್ಲ ಎಂದು ಹೇಳಿ ಜಾರಿಕೊಳ್ಳುತ್ತೇನೆ.