ಕೊಡೆ ಬೇಡದ ಊರು

ಇವತ್ತು ಬೆಳಗ್ಗೆಯಿಂದ ಇಟಲಿಯ ಬೊಲೋನ್ಯಾದಲ್ಲಿ ಜೋರು ಮಳೆ. ಕೊಡೆ ಇಲ್ಲದೆಯೇ ಹೋಗಿ ತರಕಾರಿ ತಂದೆ!

ಇಲ್ಲಿ ಬೀದಿ ಬೀದಿಗೂ ಕಮಾನಿನ ಮೊಗಸಾಲೆ, ಅಂದರೆ ಮನೆಗಳ ಮುಂದೆ ಚಾವಣಿ ಇರುವ ಕಾಲುದಾರಿ. ಎಲ್ಲ ಸೇರಿದರೆ ಸುಮಾರು 62 ಕಿಲೋಮೀಟರ್.

ದಾರಿಯಲ್ಲಿ ಕಾಸಾ ಇಸೊಲಾನಿ ಅನ್ನೋ 13ನೇ ಶತಮಾನದ ಮನೆ. ಮಹಡಿ ಹೊತ್ತು ನಿಂತಿರುವುದು ಓಕ್ ಮರದ ಕಂಬಗಳು. ಸುಮ್ನೆ ಒಂದನ್ನು ಮುಟ್ಟಿ ನೋಡಿದೆ. ಉದ್ದಕ್ಕೂ ಬಿರುಕು, ಆದರೂ ಎಷ್ಟು ಗಟ್ಟಿ!

ಹೊಸ ಮನೆಗೆ ಮೊಗಸಾಲೆ ಇರಲೇಬೇಕು ಅಂತ 1288ರಲ್ಲೇ ಕಾನೂನು ಮಾಡಿದ್ದರು. ಅದೂ ಕುದುರೆ ಸವಾರ ಹೋಗುವಷ್ಟು ಎತ್ತರ. ಜಾಗ ಮನೆಯವರದ್ದು, ನಡೆಯುವ ಹಕ್ಕು ಎಲ್ಲರದ್ದು. ಎಂಥಾ ಯೋಚನೆ ಅಲ್ವಾ?

ಕೆಲಸ ಬಿಟ್ಟ ಮೇಲೆ ಎಲ್ಲಿರೋದು ಅಂತ ನಾನು ಕೇಳಿದಾಗ ರೋಮ್, ಫ್ಲಾರೆನ್ಸ್ ಅಂದವರೇ ಜಾಸ್ತಿ. ಅವು ನೋಡೋಕೆ ಚೆಂದ. ನನಗೆ ಬೇಕಿದ್ದದ್ದು ದಿನವೂ ನಡೆಯೋಕೆ ಒಂದು ಊರು.

ನಾಳೆ ಸಾನ್ ಲೂಕಾ ಬೆಟ್ಟಕ್ಕೆ ನಡಿಗೆ, 666 ಕಮಾನುಗಳ ಕೆಳಗೆ. ಮಳೆ ಬಂದರೂ ಸರಿ.